ನೋವು ಮಣಿಕಟ್ಟಿಗೆ, ಸೂಜಿ ಸೊಂಟಕ್ಕೆ

ಹತ್ತಿಯ ಮೊಗ್ಗಿನ ಬುಡಕ್ಕೆ ಹೆಬ್ಬೆರಳಿನ ಉಗುರು ಊರಿ, ಎಸಳು ಕೇಸರ ಎರಡನ್ನೂ ಒಂದೇ ಸಲಕ್ಕೆ ತಿರುವಿ ಕಿತ್ತು ತೆಗೆಯಬೇಕು. ಒಳಗಿನ ಎಳೆ ಕಾಯಿಗೆ ಉಗುರು ತಾಗಿದರೆ ಆ ಹೂವು ಕೆಟ್ಟಿತು. ಸಂಜೆಯ ತನಕ ಮೊಗ್ಗಿನ ಮೇಲೆ ಮೊಗ್ಗು. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಮುಟ್ಟಿಸುವ ಕೆಲಸ. 1970ರಲ್ಲಿ ಸೂರತ್‌ನಿಂದ ಎಚ್-4 ಹೈಬ್ರಿಡ್ ಹತ್ತಿ ಬಂದ ಮೇಲೆ ದೇಶದಲ್ಲಿ ಹರಡಿದ ಈ ‘ಕ್ರಾಸಿಂಗ್’ ಕೂಲಿ ಹಾವೇರಿ ಜಿಲ್ಲೆಗೆ ಹೊಸದಲ್ಲ. ನಾಜೂಕಿನ ಕೆಲಸವೆಂದು ಹೆಂಗಸರ ಕೈಗೇ ಹೆಚ್ಚು ಬೀಳುತ್ತದೆ.

ಹೀಗೆ ದುಡಿದ ಹೆಬ್ಬೆರಳು ಒಂದು ದಿನ ತಂಬಿಗೆ ಎತ್ತಲೂ ಒಪ್ಪುವುದಿಲ್ಲ. ರೊಟ್ಟಿ ಬಡಿಯುವಾಗ, ಕೂಸನ್ನು ಎತ್ತಿಕೊಳ್ಳುವಾಗ ಮಣಿಕಟ್ಟಿನಲ್ಲಿ ಛಳಕು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ಕಿರುಬೆರಳಿನ ಕಡೆ ಬಾಗಿಸಿದರೆ ಜೀವ ಹೋದಂತಾಗುತ್ತದೆ. 1895ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕೆರ್ವಾನ್ ವಿವರಿಸಿದ ಕಾಯಿಲೆ ಇದೇ. ಹೆಬ್ಬೆರಳಿನ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದ ಕಿರಿದಾದ ಕೊಳವೆಯಲ್ಲಿ ಹಾಯುತ್ತವೆ. ಕೊಳವೆಯ ಗೋಡೆ ದಪ್ಪವಾದರೆ ರಜ್ಜುಗಳು ಉಜ್ಜುತ್ತವೆ.

ಇದೇ ಜಿಲ್ಲೆಯ ಹಾನಗಲ್ಲಿನ ಭತ್ತದ ಗದ್ದೆಯಿರಲಿ, ಸವಣೂರಿನ ಎಲೆತೋಟವಿರಲಿ, ಶಿಗ್ಗಾವಿ, ಹಿರೇಕೆರೂರಿನ ಗೋವಿನಜೋಳದ ಹೊಲವಿರಲಿ, ಕೈನೋವು ಬಂದವರು ಮೊದಲು ಕೇಳುವುದು ಸೂಜಿಯನ್ನೇ. ಆದರೆ ಸೊಂಟಕ್ಕೆ ಚುಚ್ಚಿದ ನೋವಿನ ಸೂಜಿ ಒಂದೆರಡು ದಿನ ನೋವು ಮರೆಸಿ, ಮತ್ತೆ ಹೊಲಕ್ಕೆ ಕಳಿಸುತ್ತದೆ, ಅಷ್ಟೇ. ಈ ಕಾಯಿಲೆಗೆ ಬೇಕಾದ ಸೂಜಿ ಬೇರೆ. ಸ್ವಲ್ಪ ಸ್ಟೀರಾಯ್ಡನ್ನು ಆ ಕೊಳವೆಯೊಳಗೇ ಬಿಡಬೇಕು, ರಜ್ಜುವಿಗಲ್ಲ. ಗುರಿ ತಪ್ಪಿ ರಜ್ಜುವಿಗೆ ಚುಚ್ಚಿದರೆ ಅದು ಹರಿಯುವ ಭಯವಿದೆ. ಚರ್ಮದಡಿ ಸೋರಿದರೆ ಬಿಳಿ ಕಲೆ ಉಳಿಯಬಹುದು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಕೆಲವರಲ್ಲಿ ಕೊಳವೆಯ ಒಳಗೆ ಇನ್ನೊಂದು ಗೋಡೆಯಿದ್ದು ಔಷಧ ಅರ್ಧಕ್ಕೇ ನಿಲ್ಲುತ್ತದೆ. ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚಿದರೆ ಆ ತಪ್ಪು ಕಡಿಮೆ.

ಸರಿಯಾಗಿ ಕೊಟ್ಟರೆ ಬಹಳ ಜನರಿಗೆ ಒಂದೆರಡು ಸೂಜಿಯೇ ಸಾಕು, ಜೊತೆಗೆ ಹೆಬ್ಬೆರಳಿಗೆ ಪಟ್ಟಿ ಕಟ್ಟಿ ಕೆಲವು ವಾರ ವಿಶ್ರಾಂತಿ. ಆಗಲೂ ಹೋಗದಿದ್ದರೆ, ಕೈಯನ್ನಷ್ಟೇ ಮರಗಟ್ಟಿಸಿ ಕೊಳವೆ ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆಯಿದೆ. ಐದನೆಯ, ಆರನೆಯ ಸೂಜಿ ಚಿಕಿತ್ಸೆಯಲ್ಲ.

ದಿನಗೂಲಿಯವಳಿಗೆ ವಿಶ್ರಾಂತಿಯೇ ಎಲ್ಲಕ್ಕಿಂತ ದುಬಾರಿ. ಆದ್ದರಿಂದಲೇ ಈ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಮೂಳೆ ತಜ್ಞರು ಇಂಥ ಕೈಗಳನ್ನೇ ನೋಡಲಿ. ಯಾವ ಔಷಧ, ಯಾವ ಕೈಗೆ, ಯಾವ ತಾರೀಖಿಗೆ ಎಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಲಿ. ಕ್ರಾಸಿಂಗ್ ಹಂಗಾಮು ಶುರುವಾಗುವ ಮೊದಲೇ ಇದು ಆಗಬೇಕು.