ಅಪಾಯಕಾಲದಲ್ಲಿ ಅಣುಸ್ಥಾವರದ ಅಂಕಿಗಳು ಯಾರ ಕಣ್ಣಿಗೆ?

ಪರಮಾಣು ಶಕ್ತಿಯ ಮಾತೆತ್ತಿದೊಡನೆ "ಅದು ವಿಜ್ಞಾನದವರ ಪಾಲಿನದು, ಕಲಾ ವಿಭಾಗದ ನಮಗೇಕೆ ಅದರ ಗೊಡವೆ?" ಎನ್ನುವ ಮಿತ್ರರು ನಮ್ಮ ಕಾಲೇಜಿನಲ್ಲಿ ಕಡಮೆಯಿಲ್ಲ. ಸ್ಥಾವರದೊಳಗೆ ಯುರೇನಿಯಂ ಹೇಗೆ ಒಡೆಯುತ್ತದೆಂಬುದು ಭೌತಶಾಸ್ತ್ರದ ಪ್ರಶ್ನೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಸ್ಥಾವರದಲ್ಲಿ ಅವಘಡ ಸಂಭವಿಸಿದಾಗ ಅಲ್ಲಿನ ನಿಜಸ್ಥಿತಿಯನ್ನು ತಿಳಿಯುವ ಅಧಿಕಾರ ಯಾರಿಗೆ, ಸುತ್ತಲಿನ ಊರುಗಳನ್ನು ಖಾಲಿ ಮಾಡಿಸಬೇಕೆ ಬೇಡವೆ ಎಂದು ತೀರ್ಮಾನಿಸುವವರು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂಬುವು ರಾಜ್ಯಶಾಸ್ತ್ರದ ಪ್ರಶ್ನೆಗಳೇ ಹೊರತು ಭೌತಶಾಸ್ತ್ರದವಲ್ಲ. ಆದುದರಿಂದ ಈ ವಿಷಯದಲ್ಲಿ ಬಿ.ಎ. ವಿದ್ಯಾರ್ಥಿಯೊಬ್ಬನು ಎರಡು ಮಾತು ಹೇಳಿದರೆ ಅದು ಅಧಿಕಪ್ರಸಂಗವಾಗಲಾರದೆಂದು ನಂಬಿದ್ದೇನೆ.

ಮೊದಲು ವಿಷಯವೇನೆಂಬುದನ್ನು ತಿಳಿಯೋಣ. ಕಲ್ಲಿದ್ದಲಿನ ಒಲೆಯನ್ನು ಆರಿಸಿದರೆ ಬೆಂಕಿ ಆರುತ್ತದೆ. ಅಣು ರಿಯಾಕ್ಟರಿನ ಗುಣ ಹಾಗಲ್ಲ. ಅದನ್ನು ನಿಲ್ಲಿಸಿದ ಮರುಕ್ಷಣದಲ್ಲಿಯೂ ಪೂರ್ಣ ಶಕ್ತಿಯ ಶೇಕಡಾ 6ರಿಂದ 7ರಷ್ಟು ಶಾಖ ಇಂಧನದಿಂದ ಹೊರಡುತ್ತಲೇ ಇರುತ್ತದೆ. ಅದು ಇಳಿಯಲು ದಿನಗಳೂ ವಾರಗಳೂ ಬೇಕು. ಅಷ್ಟು ಕಾಲವೂ ನೀರು ಹಾಯಿಸಿ ತಣಿಸುತ್ತಿರಬೇಕು. ತಪ್ಪಿದರೆ ಇಂಧನ ಕರಗಿಹೋಗುತ್ತದೆ. ನೀರಿನ ಮಟ್ಟವೆಷ್ಟು, ಒತ್ತಡವೆಷ್ಟು, ಉಷ್ಣತೆಯೆಷ್ಟು, ವಿಕಿರಣವೆಷ್ಟು, ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ ಎಂಬ ಅಂಕಿಗಳೇ ಆಗ ಸಾವಿರಾರು ಜನರ ಹಣೆಬರಹವನ್ನು ನಿರ್ಧರಿಸುತ್ತವೆ. ಈ ಅಂಕಿಗಳು ಸ್ಥಾವರದ ನಿಯಂತ್ರಣ ಕೊಠಡಿಯ ಗೋಡೆಗಳೊಳಗೇ ಉಳಿಯಬೇಕೆ, ಅಥವಾ ದೂರದಲ್ಲಿ ಕುಳಿತ ಸರಕಾರದ ನಿಯಂತ್ರಣ ಸಂಸ್ಥೆಗೂ ಅದೇ ಹೊತ್ತಿಗೆ ಕಾಣಬೇಕೆ? ನೇರವಾಗಿ, ಎಡೆಬಿಡದೆ ಕಾಣಲೇಬೇಕು ಎಂಬುದು ನನ್ನ ವಾದ.

1979ರ ಮಾರ್ಚಿ 28ರಂದು ಬೆಳಗಿನ ಜಾವ ಸುಮಾರು 4 ಗಂಟೆಗೆ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಅವಘಡ ಆರಂಭವಾಯಿತು. ಮುಚ್ಚಬೇಕಾಗಿದ್ದ ಒಂದು ವಾಲ್ವು ತೆರೆದೇ ಉಳಿದು ನೀರು ಸೋರತೊಡಗಿತು. ಆದರೆ ಫಲಕದ ಮೇಲಿನ ದೀಪವು "ಮುಚ್ಚು" ಎಂಬ ಅಪ್ಪಣೆ ಹೋಗಿದೆಯೆಂಬುದನ್ನು ಮಾತ್ರ ತೋರಿಸುತ್ತಿದ್ದಿತೇ ಹೊರತು ವಾಲ್ವು ನಿಜವಾಗಿ ಮುಚ್ಚಿದೆಯೆಂಬುದನ್ನಲ್ಲ. ಕೆಲಸದ ಮೇಲಿದ್ದವರು ದೀಪವನ್ನು ನಂಬಿದರು. ನೀರು ಹೆಚ್ಚಾಗಿದೆಯೆಂದು ಭ್ರಮಿಸಿ ತುರ್ತು ನೀರನ್ನೂ ತಗ್ಗಿಸಿದರು. ನಿಯಂತ್ರಣ ಆಯೋಗದ ಪ್ರಾದೇಶಿಕ ಕಚೇರಿಗೆ ಸುದ್ದಿ ಮುಟ್ಟಿದುದು 7-45ಕ್ಕೆ. ಅಷ್ಟರಲ್ಲಿ ಇಂಧನ ಕೆಟ್ಟುಹೋಗಿತ್ತು.

ಆ ಬಳಿಕ ನಡೆದುದು ಇನ್ನೂ ಬೋಧಪ್ರದವಾದುದು. ನಿಯಂತ್ರಣ ಆಯೋಗದವರಿಗೆ ಟೆಲಿಫೋನೇ ಕಣ್ಣು, ಟೆಲಿಫೋನೇ ಕಿವಿ. ಮಾರ್ಚಿ 30ರಂದು 1,200 ಮಿಲಿರೆಮ್ ಎಂಬ ವಿಕಿರಣದ ಅಂಕಿಯೊಂದು ಅವರ ಕಿವಿಗೆ ಬಿತ್ತು. ಅದು ಸ್ಥಾವರದ ಚಿಮಣಿಯ ನೇರ ಮೇಲೆ ಹೆಲಿಕಾಪ್ಟರಿನಿಂದ ಅಳೆದುದು. ಕಚೇರಿಯಲ್ಲಿದ್ದವರು ಅದನ್ನು ಸ್ಥಾವರದ ಹೊರಗಿನ ನೆಲಮಟ್ಟದ ಅಂಕಿಯೆಂದು ತಿಳಿದರು. ತಾವೇ ಕುಳಿತು ಹಾಕಿದ್ದ ಲೆಕ್ಕವೊಂದಕ್ಕೆ ಅದು ಕಾಕತಾಳೀಯವಾಗಿ ಹೊಂದಿಕೊಂಡುದರಿಂದ ಸಂಶಯವೂ ಹುಟ್ಟಲಿಲ್ಲ. ಊರು ಬಿಡಿಸಿರೆಂದು ರಾಜ್ಯದವರಿಗೆ ಸಲಹೆ ಹೋಯಿತು. ಗವರ್ನರ್ ಥಾರ್ನ್‌ಬರ್ಗ್ ಅವರು ತಬ್ಬಿಬ್ಬಾಗಿ, ಕೊನೆಗೆ 5 ಮೈಲಿಯೊಳಗಿನ ಗರ್ಭಿಣಿಯರೂ ಎಳೆಯ ಮಕ್ಕಳೂ ಹೊರಡುವುದೊಳ್ಳೆಯದೆಂದು ಸಾರಿದರು. ಸುಮಾರು 1,40,000 ಮಂದಿ ಮನೆ ಬಿಟ್ಟು ಹೊರಟರು. ಬಾಯಿಂದ ಬಾಯಿಗೆ ಬಂದ ಒಂದು ಅಂಕಿ ಮಾಡಿದ ಕೆಲಸ ಇದು!

ಈ ಪಾಠದಿಂದ ಅಮೆರಿಕದವರು ತುರ್ತು ಮಾಹಿತಿ ವ್ಯವಸ್ಥೆಯೊಂದನ್ನು ಕಟ್ಟಿದರು. ಅದಕ್ಕೆ ಇ.ಆರ್.ಡಿ.ಎಸ್. ಎಂದು ಹೆಸರು. ಮೊದಲು ಅದು ಕಂಪೆನಿಗಳ ಇಚ್ಛೆಗೆ ಬಿಟ್ಟುದಾಗಿತ್ತು. 1991ರ ಆಗಸ್ಟಿನಲ್ಲಿ ನಿಯಮ ಮಾಡಿ ಕಡ್ಡಾಯಗೊಳಿಸಿದರು. ಸ್ಥಾವರದ ಕಂಪ್ಯೂಟರಿನಿಂದ ಆರಿಸಿದ ಅಂಕಿಗಳು 15ರಿಂದ 60 ಸೆಕೆಂಡುಗಳಿಗೊಮ್ಮೆ ನೇರವಾಗಿ ಆಯೋಗದ ಕೇಂದ್ರಕ್ಕೆ ಹರಿಯುತ್ತವೆ. ಇದು ಮೆಚ್ಚತಕ್ಕ ಏರ್ಪಾಡು. ಆದರೆ ಇದರಲ್ಲಿ ಒಂದು ಕೊರತೆಯುಂಟು. ತುರ್ತಿನ ನಾಲ್ಕು ಹಂತಗಳಲ್ಲಿ ಎರಡನೆಯದನ್ನು ಸ್ಥಾವರದವರು ತಾವೇ ಘೋಷಿಸಿ, ಆನಂತರ ಒಂದು ಗಂಟೆಯೊಳಗೆ ಆ ಮಾರ್ಗವನ್ನು ತೆರೆಯಬೇಕೆಂದು ನಿಯಮವಿದೆ. ತ್ರೀ ಮೈಲ್ ಐಲೆಂಡಿನಲ್ಲಿ ತುರ್ತನ್ನು ಘೋಷಿಸಿದುದೇ 7 ಗಂಟೆಯ ಸಮಯಕ್ಕೆ. ಅಂದರೆ ಇಂದಿನ ನಿಯಮ ಅಂದೇ ಇದ್ದಿದ್ದರೂ, ಅವಘಡದ ಆ ಮೊದಲ ಮೂರು ಗಂಟೆಗಳಲ್ಲಿ ಹೊರಗಿನವರ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ತಪ್ಪು ತಿಳಿದವನು ತಾನು ತಪ್ಪು ತಿಳಿದಿದ್ದೇನೆಂದು ತಾನೇ ಸಾರಿದ ಮೇಲೆ ಕಿಟಕಿ ತೆರೆಯುವುದಾದರೆ ಕಿಟಕಿಯ ಪ್ರಯೋಜನ ಅರ್ಧವಾಯಿತು. ಜರ್ಮನಿಯಲ್ಲಿ ಸ್ಥಾವರಗಳು ನಡೆಯುತ್ತಿದ್ದ ಕಾಲದಲ್ಲಿ—ಕೊನೆಯ ಮೂರು 2023ರ ಏಪ್ರಿಲ್ 15ರಂದು ನಿಂತವು—ಅಲ್ಲಿನ ರಾಜ್ಯ ಸರಕಾರಗಳು ದೂರ ಮೇಲ್ವಿಚಾರಣೆಯ ಜಾಲದಿಂದ ಹಗಲೂ ರಾತ್ರಿಯೂ ಅಂಕಿಗಳನ್ನು ಪಡೆಯುತ್ತಿದ್ದುವು. ಅದೇ ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ.

ಇನ್ನು ಜಪಾನಿನ ಕತೆ. 2011ರ ಮಾರ್ಚಿ 11ರಂದು ಭೂಕಂಪವೂ ಅದರ ಹಿಂದೆ ಮಹಾ ಅಲೆಗಳೂ ಫುಕುಶಿಮಾ ದಾಯಿಚಿ ಸ್ಥಾವರವನ್ನು ಅಪ್ಪಳಿಸಿದುವು. ಜಪಾನೀಯರಲ್ಲಿ ಇಂತಹ ಮಾಹಿತಿ ವ್ಯವಸ್ಥೆ ಇಲ್ಲದಿರಲಿಲ್ಲ. ಸ್ಥಾವರದ ಅಂಕಿಗಳನ್ನು ತರುವುದಕ್ಕೆ ಒಂದು, ಆ ಅಂಕಿಗಳಿಂದ ವಿಕಿರಣ ಯಾವ ಊರಿನ ಕಡೆಗೆ ಹರಡುವುದೆಂದು ಲೆಕ್ಕ ಹಾಕುವುದಕ್ಕೆ 'ಸ್ಪೀಡಿ' ಎಂಬ ಇನ್ನೊಂದು, ಹೀಗೆ ಎರಡಿದ್ದುವು. ವಿದ್ಯುತ್ತು ಹೋದೊಡನೆ ಮೊದಲನೆಯದು ಕುರುಡಾಯಿತು. ಅದರ ಅಂಕಿ ಬಾರದ್ದರಿಂದ ಎರಡನೆಯದು ಬರಿಯ ಕಲ್ಪಿತ ಪ್ರಮಾಣವನ್ನಿಟ್ಟು ಲೆಕ್ಕ ಹಾಕಿತು. ಆ ಲೆಕ್ಕವನ್ನಾದರೂ ಜನರಿಗೆ ತೋರಿಸಿದುದು ಮಾರ್ಚಿ 23ರಂದು. ಅಷ್ಟರೊಳಗೆ ನಮಿಯೆ ಪಟ್ಟಣದ ಜನ ಸ್ಥಾವರದಿಂದ ದೂರ ಹೋದರೆ ಸಾಕೆಂದು ತ್ಸುಶಿಮಾ ಎಂಬ ಕಡೆಗೆ ಹೋಗಿದ್ದರು. ವಿಕಿರಣವೂ ಅದೇ ದಿಕ್ಕಿಗೆ ಹೋಗಿತ್ತು. ಸ್ಥಾವರದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದ್ದ ತುರ್ತು ಕೇಂದ್ರವೂ ಕೆಲಸಕ್ಕೆ ಬಾರದೆ, 15ರಂದು ಅಲ್ಲಿನವರು ಫುಕುಶಿಮಾ ನಗರಕ್ಕೆ ಹೊರಟುಹೋದರು. ಅಂದಿನ ನಿಯಂತ್ರಣ ಸಂಸ್ಥೆಯಾದರೋ ಅಣುವಿದ್ಯುತ್ತನ್ನು ಬೆಳೆಸುವ ಮಂತ್ರಿಶಾಖೆಯ ಕೈಕೆಳಗಿದ್ದಿತು. ಅದನ್ನು ತೆಗೆದು 2012ರ ಸೆಪ್ಟೆಂಬರಿನಲ್ಲಿ ಸ್ವತಂತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಈ ವಿಷಯ ನನ್ನ ಮನಸ್ಸನ್ನು ಹಿಡಿದುದಕ್ಕೆ ಒಂದು ಕಾರಣವುಂಟು. ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಂದೆಯವರು ಅಕ್ಷರ ಕಲಿತವರಲ್ಲ. ಬೆಳೆದ ಹತ್ತಿಯನ್ನು ಮಾರುವಾಗ ತಕ್ಕಡಿಯೂ ಕೊಳ್ಳುವವನದೇ, ಕಲ್ಲೂ ಅವನದೇ, ಚೀಟಿ ಬರೆಯುವ ಕೈಯೂ ಅವನದೇ. "ಇಷ್ಟಾಯಿತು" ಎಂದರೆ ಇಷ್ಟೇ. ಕೊಳ್ಳುವವನು ಮೋಸಗಾರನೆಂದು ನಾನು ಹೇಳುತ್ತಿಲ್ಲ. ಅವನು ಸತ್ಯವಂತನೇ ಆಗಿದ್ದರೂ, ಮುಳ್ಳು ನೋಡಲು ಇನ್ನೊಂದು ಕಣ್ಣಿಲ್ಲದ ಕಡೆ ಆ ಸತ್ಯಕ್ಕೆ ಸಾಕ್ಷಿಯಿಲ್ಲ. ಅಣುಸ್ಥಾವರದ ನೆರೆಯಲ್ಲಿ ವಾಸಿಸುವ ಬೇಸಾಯಗಾರನ ಪರಿಸ್ಥಿತಿಯೂ ಇದೇ. ಅಳತೆಗೋಲು ಅವನ ಕೈಯಲ್ಲಿಲ್ಲ, ಅದನ್ನು ಓದಲೂ ಬಾರದು. ಅವನ ಪರವಾಗಿ ಓದಲೆಂದೇ ನಿಯಂತ್ರಣ ಸಂಸ್ಥೆಯಿರುವುದು. ಅದೂ ಸ್ಥಾವರದವರು ಹೇಳಿದುದನ್ನೇ ಕೇಳಿ ಬರೆದುಕೊಳ್ಳುವುದಾದರೆ, ಆ ಬೇಸಾಯಗಾರನಿಗೂ ಅದಕ್ಕೂ ಏನು ಭೇದ?

ಇದಕ್ಕೆ ಪ್ರತಿವಾದಗಳಿಲ್ಲದಿಲ್ಲ. ಹತ್ತು ಜನರ ಕೈಗೆ ಅಂಕಿ ಕೊಟ್ಟರೆ ಹತ್ತು ಜನರೂ ಅಪ್ಪಣೆ ಕೊಡಹೊರಡುವರು ಎಂಬುದು ಮೊದಲನೆಯದು. ಇದು ಹುಸಿಯಲ್ಲ. 2011ರ ಮಾರ್ಚಿ 12ರ ಸಂಜೆ ಪ್ರಧಾನಿಯ ಕಚೇರಿಯ ಒಪ್ಪಿಗೆ ಬಂದಿಲ್ಲವೆಂದು ಹೇಳಿ, ರಿಯಾಕ್ಟರಿಗೆ ಸಮುದ್ರದ ನೀರು ಹಾಯಿಸುವುದನ್ನು ನಿಲ್ಲಿಸುವಂತೆ ಕಂಪೆನಿಯ ಮುಖ್ಯ ಕಚೇರಿ ಸೂಚಿಸಿತು. ಸ್ಥಾವರದ ಮುಖ್ಯಸ್ಥ ಮಸಾವೊ ಯೊಶಿದಾ ಅವರು ಒಳಗೊಳಗೇ ನೀರು ಬಿಡುತ್ತಲೇ ಇದ್ದರು. ಅವರು ಮಾಡಿದುದೇ ಸರಿ. ಆದುದರಿಂದ ನೋಡುವ ಅಧಿಕಾರ ಬೇರೆ, ಆಳುವ ಅಧಿಕಾರ ಬೇರೆ ಎಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆದಿಡಬೇಕು. ವಾಲ್ವು ತಿರುಗಿಸುವ ಹೊಣೆ ಸ್ಥಾವರದವರದು. ಅದನ್ನು ನೋಡಿ ತೂಗಿ, ಜನರ ರಕ್ಷಣೆಗೆ ಸಲಹೆ ನೀಡುವ ಹೊಣೆ ನಿಯಂತ್ರಕರದು.

ಮಾಪಕಗಳೇ ಸುಳ್ಳು ಹೇಳಿದರೆ ದೂರದವನಿಗೆ ಕಂಡೂ ಫಲವೇನು ಎಂಬುದು ಎರಡನೆಯ ಆಕ್ಷೇಪಣೆ. ಫುಕುಶಿಮಾದ 1ನೆಯ ಘಟಕದಲ್ಲಿ ಇಂಧನ ಮುಳುಗುವಷ್ಟು ನೀರಿದೆಯೆಂದು ಮಾಪಕ ತೋರಿಸುತ್ತಿದ್ದಿತು. ಒಳಗೆ ನೀರು ಬತ್ತಿ ಇಂಧನ ಕರಗುತ್ತಿದ್ದಿತು. ಇದು ನಿಜ. ಆದರೆ ಒಂದು ಮಾಪಕದ ಸುಳ್ಳನ್ನು ಹಿಡಿಯುವುದು ಬೇರೆ ಮಾಪಕಗಳೊಡನೆ ಹೋಲಿಸುವುದರಿಂದ, ದಣಿಯದ ಕಣ್ಣಿನಿಂದ. ತ್ರೀ ಮೈಲ್ ಐಲೆಂಡಿನಲ್ಲಿ ತೆರೆದಿದ್ದ ಆ ದಾರಿಯನ್ನು ಬೆಳಗ್ಗೆ 6-20ರ ಸುಮಾರಿಗೆ ಮುಚ್ಚಿಸಿದವನು ರಾತ್ರಿಯೆಲ್ಲ ಫಲಕದ ಮುಂದೆ ನಿಂತವನಲ್ಲ. ಆಗತಾನೆ ಕೆಲಸಕ್ಕೆ ಬಂದ ಮೇಲ್ವಿಚಾರಕ. ಹೊಸ ಕಣ್ಣಿನ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಉದಾಹರಣೆ ಹೇಳೀತು?

ಅಂಕಿ ಹೊರಗೆ ಹರಿಯುವ ದಾರಿಯಲ್ಲಿ ಕಳ್ಳರು ಒಳಗೆ ನುಗ್ಗಬಹುದೆಂಬುದು ಮೂರನೆಯದು. ಅಂಕಿ ಹೊರಗೆ ಬರುವುದೇ ಹೊರತು ಯಾವ ಅಪ್ಪಣೆಯೂ ಒಳಗೆ ಹೋಗದಂತಹ ಒಮ್ಮುಖದ ಉಪಕರಣಗಳು ಈಗ ಬಳಕೆಯಲ್ಲಿವೆ. ಹೆದರಿ ಕಿಟಕಿಯನ್ನೇ ಇಡದಿರುವುದಕ್ಕಿಂತ ಕಿಟಕಿಗೆ ಕಂಬಿ ಹಾಕುವುದು ಜಾಣತನವಲ್ಲವೆ?

ಈಗ ನಮ್ಮ ದೇಶದ ಕಡೆಗೆ ನೋಡೋಣ. 1993ರ ಮಾರ್ಚಿ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹೊತ್ತಿತು. ಸುಮಾರು 17 ಗಂಟೆಗಳ ಕಾಲ ಸ್ಥಾವರಕ್ಕೆ ವಿದ್ಯುತ್ತಿರಲಿಲ್ಲ. ಹೊಗೆ ತುಂಬಿ ನಿಯಂತ್ರಣ ಕೊಠಡಿಯನ್ನೇ ಬಿಟ್ಟು ಹೊರಬರಬೇಕಾಯಿತು. ಬೆಂಕಿ ನಂದಿಸುವ ನೀರನ್ನೇ ಹಾಯಿಸಿ ನಮ್ಮವರು ಧೈರ್ಯದಿಂದ ಅದನ್ನು ತಣಿಸಿದರು; ವಿಕಿರಣ ಹೊರಬೀಳಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಕಾಳೀ ನದಿಯ ದಡದಲ್ಲಿ ನಡೆಯುತ್ತಿರುವ ನಾಲ್ಕು ಘಟಕಗಳೂ ನರೋರಾದವುಗಳಂತೆ ತಲಾ 220 ಮೆಗಾವಾಟಿನ ಭಾರಜಲದ ರಿಯಾಕ್ಟರುಗಳೇ. ಅವುಗಳಲ್ಲೊಂದು 2018ರ ಕೊನೆಯ ದಿನದವರೆಗೆ ಎಡೆಬಿಡದೆ 962 ದಿನ ನಡೆದು ಜಗತ್ತಿನ ದಾಖಲೆ ಬರೆದುದು ನಮಗೆ ಹೆಮ್ಮೆಯ ವಿಷಯ. ಆದರೆ ಹೆಮ್ಮೆಯಿರುವಲ್ಲಿ ಎಚ್ಚರವೂ ಇರಬೇಕು. ನಮ್ಮಲ್ಲಿ ಸ್ಥಾವರದ ಸುತ್ತ 16 ಕಿಲೋಮೀಟರುಗಳ ತುರ್ತು ವಲಯವಿದೆ. ಹೊರಗಿನ ಜನರನ್ನು ಸಾಗಿಸುವ ಹೊಣೆ ಜಿಲ್ಲಾಡಳಿತದ್ದು. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ, 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 'ಶಾಂತಿ' ಕಾಯಿದೆಯು ಶಾಸನದ ಆಧಾರವನ್ನು ಕೊಟ್ಟಿದೆ. ಅದೇ ಕಾಯಿದೆ ಖಾಸಗಿ ಬಂಡವಾಳಕ್ಕೂ ಈ ಕ್ಷೇತ್ರದ ಬಾಗಿಲು ತೆರೆದಿದೆ. ನಡೆಸುವವರು ಹಲವರಾಗುವಾಗ ನೋಡುವವನ ಕಣ್ಣು ಇನ್ನೂ ಚುರುಕಾಗಬೇಕಲ್ಲವೆ?

ಆದುದರಿಂದ ನನ್ನ ಬೇಡಿಕೆಗಳು ನಾಲ್ಕು. ಒಂದು, ಪ್ರತಿಯೊಂದು ಸ್ಥಾವರದಿಂದಲೂ ಆಯ್ದ ಅಂಕಿಗಳು ಹಗಲಿರುಳು, ಯಾರ ಘೋಷಣೆಗೂ ಕಾಯದೆ ನಿಯಂತ್ರಣ ಮಂಡಳಿಗೆ ಹರಿಯಬೇಕೆಂದು ನಿಯಮವೇ ವಿಧಿಸಬೇಕು. ಎರಡು, ಆ ಮಾರ್ಗಕ್ಕೆ ಸ್ಥಾವರದ ವಿದ್ಯುತ್ತನ್ನು ನೆಚ್ಚದ ಬ್ಯಾಟರಿಯೂ ಉಪಗ್ರಹದಂತಹ ಎರಡನೆಯ ದಾರಿಯೂ ಇರಬೇಕು. ಅಪಾಯಕಾಲದಲ್ಲಿ ಮೊದಲು ಸಾಯುವ ತಂತಿ ಇದ್ದೂ ಇಲ್ಲದಂತೆ. ಮೂರು, ತಂತಿಯಷ್ಟೇ ಸಾಲದು, ಸ್ಥಳದಲ್ಲಿ ಮನುಷ್ಯನೂ ಬೇಕು. 2022ರ ಮಾರ್ಚಿಯಲ್ಲಿ ಯುದ್ಧದ ನಡುವೆ ಚೆರ್ನೋಬಿಲ್‌ನ ಅಣುಸಾಮಗ್ರಿಯ ಕಾವಲು ಉಪಕರಣಗಳಿಂದ ಬರುತ್ತಿದ್ದ ಮಾಹಿತಿ ನಿಂತುಹೋಯಿತೆಂದು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಪ್ರಕಟಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಝಪೋರಿಝಿಯಾ ಸ್ಥಾವರಕ್ಕೆ ತನ್ನ ತಜ್ಞರನ್ನೇ ಕಳುಹಿಸಿ ಅಲ್ಲಿ ಇರಿಸಿತು. ನಾಲ್ಕು, ಮಂಡಳಿ ಕಂಡುದರ ಸಾರ ತಡವಿಲ್ಲದೆ ಜಿಲ್ಲಾಧಿಕಾರಿಗೂ, ಅವರಿಂದ ಜನರಿಗೂ ಜನರ ಮಾತಿನಲ್ಲಿಯೇ ತಲಪಬೇಕು. ಕೈಗಾದ ಸುತ್ತಲಿನವರಿಗೆ ಕನ್ನಡದಲ್ಲಿ ಹೇಳದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ನಾನು ಅಣುವಿದ್ಯುತ್ತಿನ ವೈರಿಯಲ್ಲ. ಆದರೆ ದೀಪ ಹಚ್ಚುವವರು ಗಾಳಿಯ ವಿಚಾರವನ್ನೂ ಮಾಡಬೇಕು. ನಂಬಿಕೆ ದೊಡ್ಡದು, ಅದು ಪ್ರಜಾಪ್ರಭುತ್ವಕ್ಕೆ ಬೇಕಾದುದೂ ಹೌದು. ಆದರೆ ನೋಡಿ ನಂಬುವ ಜನಾಂಗ ಮಾತ್ರ ಬಹುಕಾಲ ನಂಬಿ ಬಾಳೀತು. ನಮ್ಮಲ್ಲಿ ಕೆಲವರು ಮುಂದೆ ಆಡಳಿತದ ಹುದ್ದೆಗಳಿಗೆ ಹೋಗುವರು, ಕೆಲವರು ಪತ್ರಿಕೆಗಳಿಗೆ, ಕೆಲವರು ಪಾಠಶಾಲೆಗಳಿಗೆ. ಎಲ್ಲಿಗೆ ಹೋದರೂ "ಎಲ್ಲವೂ ಸರಿಯಾಗಿದೆ" ಎಂಬ ಮಾತು ಕಿವಿಗೆ ಬಿದ್ದಾಗ "ಅದನ್ನು ನೋಡಿದವರು ಯಾರು?" ಎಂದು ವಿನಯದಿಂದ, ಆದರೆ ಬಿಡದೆ ಕೇಳುವ ಅಭ್ಯಾಸವನ್ನು ಈ ಕಾಲೇಜಿನಿಂದ ಕೊಂಡೊಯ್ಯೋಣ.