ಸೀನಿಯರ್ ಕೊಟ್ಟ ಪಿಡಿಎಫ್‌ಗೆ ಹೊಸ ಸುದ್ದಿ ಗೊತ್ತಿರಲ್ಲ

ಮಿನಿ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮಲ್ಲಿ ಮೊದಲು ಓಡಾಡೋದು ಸೀನಿಯರ್‌ಗಳ ಡ್ರೈವ್ ಲಿಂಕ್. ಅದರಿಂದ ಹತ್ತು ಪೇಪರ್ ಎತ್ತಿ ಸ್ಲೈಡ್‌ಗೆ ಹಾಕಿದರೆ ಲಿಟರೇಚರ್ ಸರ್ವೇ ಮುಗೀತು ಅನ್ನೋ ಲೆಕ್ಕ. ಇದರಲ್ಲಿ ಒಂದು ಅಪಾಯ ಇದೆ.

2020ರಲ್ಲಿ ನೇಚರ್ ಪತ್ರಿಕೆಯಲ್ಲಿ, ಭಾರಿ ಒತ್ತಡ ಹಾಕಿದರೆ ಕೋಣೆಯ ಉಷ್ಣಾಂಶದಲ್ಲೇ ಸೂಪರ್‌ಕಂಡಕ್ಟರ್ ಆಗುವ ವಸ್ತುವಿನ ಬಗ್ಗೆ ಪೇಪರ್ ಬಂತು. ದೊಡ್ಡ ಸುದ್ದಿಯಾಯ್ತು. ಡೇಟಾ ಸಂಸ್ಕರಿಸಿದ ರೀತಿ ಬಗ್ಗೆ ಪ್ರಶ್ನೆ ಎದ್ದು, 2022ರಲ್ಲಿ ನೇಚರ್ ಅದನ್ನ ವಾಪಸ್ ತಗೊಂಡಿತು. 2021ರಲ್ಲೇ ಡೌನ್‌ಲೋಡ್ ಮಾಡಿಟ್ಟ ಪಿಡಿಎಫ್‌ಗೆ ಇದು ಹೇಗೆ ಗೊತ್ತಾಗಬೇಕು? ಸೈಟೇಶನ್ ಸಂಖ್ಯೆ ನಂಬೋಣ ಅಂದ್ರೆ, ತಪ್ಪು ಅಂತ ತೋರಿಸೋಕೆ ಉಲ್ಲೇಖಿಸಿದರೂ ಅದು ಏರುತ್ತೆ.

ಇದಕ್ಕೆ ಟೂಲ್ ಇದೆ, ದುಡ್ಡೂ ಬೇಡ. ಝೊಟೆರೊದಲ್ಲಿ ಪೇಪರ್‌ಗಳನ್ನ ಡಿಒಐ ಸಮೇತ ಸೇರಿಸಿಟ್ಟರೆ, ಅದು ರಿಟ್ರಾಕ್ಷನ್ ವಾಚ್ ಡೇಟಾಬೇಸ್ ಜೊತೆ ಹೋಲಿಸಿ, ವಾಪಸ್ ಆದ ಪೇಪರ್ ಮೇಲೆ ಎಚ್ಚರಿಕೆ ತೋರಿಸುತ್ತೆ. ಹಾಗಂತ ಉಳಿದದ್ದೆಲ್ಲ ಸರಿ ಅಂತಲ್ಲ. ಓದೋ ಕೆಲಸ ನಮ್ಮದೇ.

ಹಾಗಾಗಿ ರಿವ್ಯೂನಲ್ಲಿ ಗೈಡ್ "ಎಷ್ಟು ಪೇಪರ್ ನೋಡಿದ್ರಿ?" ಅನ್ನೋ ಬದಲು "ಇದರಲ್ಲಿ ಇವತ್ತಿಗೂ ನಿಲ್ಲೋದು ಯಾವುದು, ಯಾಕೆ?" ಅಂತ ಕೇಳಲಿ. ಐದೇ ಪೇಪರ್ ಇದ್ದರೂ ಉತ್ತರ ಗೊತ್ತಿರೋ ಟೀಮಿಗೆ ಹೆಚ್ಚು ಮಾರ್ಕ್ಸ್ ಸಿಗಲಿ.