ನಡುರಾತ್ರಿಯ ಎದೆಯುರಿಗೆ ಸಂಜೆ 7ರ ಊಟ

ಬೊಮ್ಮನಹಳ್ಳಿ ಕಡೆಯ ಮನೆಗಳಲ್ಲಿ ರಾತ್ರಿ ಊಟ 9.30ಕ್ಕೆ ಮುಂಚೆ ಆಗೋದು ಕಷ್ಟ. ಯಜಮಾನರು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರಬೇಕು, ಮಕ್ಕಳ ಹೋಂವರ್ಕ್ ಮುಗೀಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಕೂರಬೇಕು. ಒಳ್ಳೆಯ ಪದ್ಧತಿಯೇ. ಆದರೆ ಜಠರದ ಕ್ಯಾನ್ಸರ್‌ಗೆ ಆಪರೇಷನ್ ಆದ ಅತ್ತೆಯೋ ಮಾವನೋ ಮನೆಯಲ್ಲಿದ್ದರೆ, ಅವರ ಮಟ್ಟಿಗೆ ಇದನ್ನು ಮುರಿಯಲೇಬೇಕು.

ಇದೇ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ 1973ರಿಂದ ರಾಜ್ಯದ ಮೂಲೆಮೂಲೆಯಿಂದ ರೋಗಿಗಳು ಬರುತ್ತಿದ್ದಾರೆ. ಅಲ್ಲಾಗಲಿ ಬೇರೆಲ್ಲಾಗಲಿ, ಡಾಕ್ಟರು ಕೆಲಸ ಮುಗಿಸಿ ಮನೆಗೆ ಕಳಿಸಿದ ಮೇಲೆ ಅರ್ಧ ಆರೈಕೆ ನಿಮ್ಮ ಅಡುಗೆಮನೆಯದ್ದೇ.

ರಾತ್ರಿ ಎದೆ ಉರಿ, ಬಾಯಿಗೆ ಕಹಿ ನೀರು, ಕೆಮ್ಮು ಅಂದರೆ ನಾವು ತಕ್ಷಣ 'ಗ್ಯಾಸ್' ಅಂತೀವಿ. ಇಲ್ಲಿ ವಿಷಯ ಬೇರೆ. ಜಠರಕ್ಕೆ ಮೇಲೊಂದು, ಕೆಳಗೊಂದು ಬಾಗಿಲಿದೆ. ಆಪರೇಷನ್‌ನಲ್ಲಿ ಒಂದೋ ಎರಡೋ ಬಾಗಿಲು ಹೋಗಿರುತ್ತದೆ. ಜಠರ ಸ್ವಲ್ಪ ಉಳಿದಿದ್ದರೆ ಆಮ್ಲ ಮೇಲೇರಬಹುದು. ಪೂರ್ತಿ ತೆಗೆದಿದ್ದರೆ ಆಮ್ಲವೇ ಇರೋದಿಲ್ಲ, ಉರಿಸುವುದು ಕರುಳಿನಿಂದ ಬರುವ ಪಿತ್ತರಸ. ಅದಕ್ಕೆ ಮೆಡಿಕಲ್ ಸ್ಟೋರಿನ ಗ್ಯಾಸ್ ಮಾತ್ರೆ ನಾಟುವುದಿಲ್ಲ. ಸರ್ಜನ್‌ಗಳು ಪಿತ್ತ ಹಿಂದಕ್ಕೆ ಬಾರದಿರಲಿ ಎಂದೇ 40ರಿಂದ 60 ಸೆಂ.ಮೀ. ಉದ್ದದ ಕರುಳನ್ನು ಜೋಡಿಸಿರುತ್ತಾರೆ. ಆದರೂ ತಿಂದ ತಕ್ಷಣ ಮಲಗಿದರೆ ಕೆಳಗಿದ್ದದ್ದು ಮೇಲೆ ಬಂದೀತು. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಕೂಡ ಆಗಬಹುದು.

ಅದಕ್ಕೇ ಅವರ ಊಟ ಸಂಜೆ 7ಕ್ಕೇ ಮುಗಿಯಲಿ, ಮಲಗುವುದು 10ಕ್ಕೆ. ನಡುವೆ ಮೂರು ಗಂಟೆ ಬಿಡುವು ಇರಲಿ. ದಿಂಬಿನ ಮೇಲೆ ದಿಂಬು ಇಟ್ಟರೆ ಕತ್ತು ಬಾಗಿ ಹೊಟ್ಟೆ ಒತ್ತುತ್ತದೆ ಅಷ್ಟೆ. ಮಂಚದ ತಲೆಭಾಗದ ಎರಡು ಕಾಲುಗಳ ಕೆಳಗೆ ಆರೆಂಟು ಇಂಚಿನ ಮರದ ತುಂಡು ಅಲುಗಾಡದಂತೆ ಕೊಡಿ. ಪೈಜಾಮ, ಲಂಗದ ಲಾಡಿ ಸಡಿಲವಾಗಿರಲಿ.

ದಿನಕ್ಕೆ ಮೂರು ಊಟದ ಬದಲು ಆರೇಳು ಸಲ, ಪ್ರತಿ ಸಲ ಸಣ್ಣ ಬಟ್ಟಲು. ಇಡ್ಲಿ, ಮೆತ್ತಗಿನ ಅನ್ನ, ಬೇಳೆಕಟ್ಟು, ಬೇಯಿಸಿದ ಮೊಟ್ಟೆ ಎಲ್ಲಾ ಆಗುತ್ತದೆ. ಮುದ್ದೆ ಮಾತ್ರ ಸದ್ಯಕ್ಕೆ ಬೇಡ. ಅದನ್ನು ಅಗಿಯದೆ ನುಂಗಿಯೇ ನಮಗೆ ಅಭ್ಯಾಸ, ಈಗ ಪ್ರತಿ ತುತ್ತೂ ನುಣ್ಣಗಾಗಬೇಕು. ರಾಗಿ ಬೇಕೆಂದರೆ ಗಂಜಿ ಮಾಡಿ, ಸಕ್ಕರೆ ಸುರಿಯಬೇಡಿ. ನೀರು ಊಟದ ಜೊತೆಗಲ್ಲ, ಅರ್ಧ ಗಂಟೆ ಬಿಟ್ಟು. ಖಾರ, ಕರಿದದ್ದು, ಸ್ಟ್ರಾಂಗ್ ಕಾಫಿ ಯಾವುದು ಉರಿ ತರುತ್ತದೋ ಅದನ್ನು ಬರೆದಿಟ್ಟುಕೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು.

ಇನ್ನು ನೋಡಲು ಬರುವ ನೆಂಟರು. 'ಪಾಪ, ಎಷ್ಟು ಇಳಿದು ಹೋಗಿದ್ದಾರೆ, ಇನ್ನೊಂದು ಹೋಳಿಗೆ ಹಾಕಿ' ಅನ್ನುತ್ತಾರೆ. ಪ್ರೀತಿಯಿಂದಲೇ ಅಂದದ್ದು, ಆದರೆ ರಾತ್ರಿ ಬೇಸಿನ್ ಹಿಡಿದು ಕೂರುವವರು ನೀವು! ನಗುತ್ತಲೇ 'ಡಾಕ್ಟರು ಬೇಡ ಅಂದಿದ್ದಾರೆ' ಅಂದುಬಿಡಿ.

ಬರೆದುಕೊಟ್ಟ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಊಟ ಗಂಟಲಲ್ಲಿ ಸಿಕ್ಕಿಕೊಂಡರೆ, ಪದೇಪದೇ ವಾಂತಿಯಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಗಾದರೆ, ಕೆಮ್ಮಿನ ಜೊತೆ ಜ್ವರ ಬಂದರೆ ಚೆಕಪ್ ತಾರೀಕು ನೋಡುತ್ತಾ ಕೂರದೆ ಅಂದೇ ಕರೆದುಕೊಂಡು ಹೋಗಿ.